ಮುರಿದ ಬೆನ್ನು, ಎದ್ದು ನಡೆಯುವ ದಾರಿ

ಕೃಷ್ಣಾಷ್ಟಮಿಯ ಮರುದಿನ ಉಡುಪಿಯ ರಥಬೀದಿಯಲ್ಲಿ ಗೊಲ್ಲವೇಷದವರು ಕೋಲಿನಿಂದ ಮೊಸರುಕುಡಿಕೆ ಒಡೆಯುತ್ತಾರೆ. ಮುಂಬಯಿಯಲ್ಲಿ ಕುಡಿಕೆ ಇನ್ನೂ ಎತ್ತರದಲ್ಲಿ ತೂಗುತ್ತದೆ. ಅದನ್ನು ಮುಟ್ಟಬೇಕಾದರೆ ಒಬ್ಬರ ಹೆಗಲ ಮೇಲೊಬ್ಬರು ಹತ್ತಬೇಕು. ದಾದರ್, ಲಾಲ್‌ಬಾಗ್, ಘಾಟ್‌ಕೋಪರ್, ಠಾಣೆಯ ಬೀದಿಗಳಲ್ಲಿ ಗೋವಿಂದಾ ಪಥಕಗಳೆಂಬ ತಂಡಗಳು ಏಳು, ಎಂಟು, ಒಂಬತ್ತು ಥರಗಳ ಗೋಪುರ ಕಟ್ಟುತ್ತವೆ. 2012ರಲ್ಲಿ ಜೋಗೇಶ್ವರಿಯ ಜೈ ಜವಾನ್ ಪಥಕ ಠಾಣೆಯಲ್ಲಿ ಕಟ್ಟಿದ ಒಂಬತ್ತು ಥರದ ಗೋಪುರ 13.34 ಮೀಟರ್ ಎತ್ತರವಿತ್ತು. ಗಿನ್ನೆಸ್ ದಾಖಲೆಗೆ ಸೇರಿತು. ಪ್ರತಿವರ್ಷ ಈ ಹಬ್ಬದ ದಿನ ಪರೇಲಿನ ಕೆಇಎಂ, ಸಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್ ಮುಂತಾದ ಆಸ್ಪತ್ರೆಗಳು ಗಾಯಾಳುಗಳಿಗಾಗಿ ಹಾಸಿಗೆ ಸಿದ್ಧವಿಟ್ಟು ಕಾಯುತ್ತವೆ.

ಗೋಪುರ ಕುಸಿದಾಗ ಏನಾಗುತ್ತದೆ ಎಂಬುದನ್ನು ಶಾಲೆಯ ಭೌತಶಾಸ್ತ್ರವೇ ಹೇಳುತ್ತದೆ. ಆರು ಮೀಟರ್ ಎತ್ತರದಿಂದ ಬಿದ್ದವರು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ ನೆಲ ಮುಟ್ಟುತ್ತಾರೆ. ಆ ಕ್ಷಣದಲ್ಲಿ ದೇಹದ ವೇಗ ಗಂಟೆಗೆ ಸುಮಾರು 39 ಕಿಲೋಮೀಟರ್. 2014ರಲ್ಲಿ ಬಾಂಬೆ ಹೈಕೋರ್ಟ್ ಗೋಪುರಕ್ಕೆ ಹಾಕಿದ್ದ 20 ಅಡಿಯ ಮಿತಿಯೂ ಹೆಚ್ಚುಕಡಿಮೆ ಇಷ್ಟೇ ಎತ್ತರದ್ದು. 2017ರಲ್ಲಿ ಆ ಮಿತಿ ತೆರವಾಯಿತು. 14 ವರ್ಷ ತುಂಬದವರನ್ನು ಹತ್ತಿಸಬಾರದೆಂಬ ನಿಯಮ ಉಳಿಯಿತು. ಬಿದ್ದವರಲ್ಲಿ ಹೆಚ್ಚಿನವರು ಕೈಕಾಲು ಮುರಿದುಕೊಂಡು ಬರುತ್ತಾರೆ. ಬೆನ್ನು ಮುರಿದುಕೊಂಡು ಬರುವವರು ಕಡಿಮೆ. ಆದರೆ ಅವರ ಮನೆಯ ಬದುಕು ತಿಂಗಳುಗಟ್ಟಲೆ ಬದಲಾಗಿಬಿಡುತ್ತದೆ.

ಬೆನ್ನಿನ ಕೆಳಭಾಗ ಮುರಿಯಲು ಹಬ್ಬವೇ ಬೇಕಿಲ್ಲ, ಎತ್ತರವೂ ಬೇಕಿಲ್ಲ. ಕಟ್ಟಡದ ಸಾರುವೆಯಿಂದ ಕೂಲಿಯವರು ಬೀಳುತ್ತಾರೆ. ಕಿಕ್ಕಿರಿದ ಲೋಕಲ್ ರೈಲಿನ ಬಾಗಿಲಲ್ಲಿ ಜೋತುನಿಂತವರು ಬೀಳುತ್ತಾರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರುತ್ತಾರೆ. ಎಪ್ಪತ್ತು ದಾಟಿದ ಅಜ್ಜಿಗೆ ನೀರಿನ ಬಕೆಟ್ ಎತ್ತಿದ್ದೇ ಸಾಕಾಗಬಹುದು. ಇವರೆಲ್ಲರ ಎಕ್ಸ್‌ರೇ ಚಿತ್ರ ಬೇರೆಬೇರೆ. ಕೇಳುವ ಪ್ರಶ್ನೆ ಮಾತ್ರ ಒಂದೇ: ಮತ್ತೆ ಎದ್ದು ನಡೆಯುತ್ತೇನೆಯೇ?

ನರಗಳಿಗೆ ಪೆಟ್ಟಾಗದಿದ್ದರೆ ಬಹುಪಾಲು ಮಂದಿಗೆ ಉತ್ತರ ಹೌದು. ಆ ‘ಹೌದು’ ನಿಜವಾಗುವುದು ಮೂಳೆ ಕೂಡುವುದರಿಂದ ಮಾತ್ರವಲ್ಲ. ನೋವನ್ನು ಹೇಗೆ ನಿಭಾಯಿಸುತ್ತೇವೆ, ಯಾವಾಗ ಏಳುತ್ತೇವೆ, ಮನೆ ಹೇಗಿದೆ ಎಂಬುದೂ ಅದನ್ನು ತೀರ್ಮಾನಿಸುತ್ತದೆ. ನೋವನ್ನು ತಗ್ಗಿಸುವುದು ಸುಮ್ಮನೆ ಮಲಗಿರುವುದಕ್ಕಲ್ಲ, ಎದ್ದು ನಡೆಯುವುದಕ್ಕೆ. ಈ ಅಧ್ಯಾಯದಲ್ಲಿ ಹೇಳಬೇಕಾದ ಮುಖ್ಯ ಮಾತು ಇದು.

ಎಲ್ಲಿ ಮುರಿಯುತ್ತದೆ, ಅಲ್ಲೇ ಏಕೆ

ಬೆನ್ನುಮೂಳೆಯ ಒಂದೊಂದು ಬಿಡಿ ಮೂಳೆಗೆ ಕಶೇರು ಎಂದು ಹೆಸರು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದ ಭಾಗದಲ್ಲಿ 5 ಕಶೇರುಗಳಿವೆ. ಎದೆಯ ಕಶೇರುಗಳನ್ನು ಪಕ್ಕೆಲುಬುಗಳು ಬಿಗಿಯಾಗಿ ಹಿಡಿದಿರುತ್ತವೆ. ಸೊಂಟದವುಗಳಿಗೆ ಆ ಆಸರೆಯಿಲ್ಲ. ಬಾಗುವುದು, ಹಿಂದಕ್ಕೆ ಚಾಚುವುದು ಹೆಚ್ಚಾಗಿ ಅವುಗಳದೇ ಕೆಲಸ. ಬಿಗಿಯಾದ ಭಾಗ ಮುಗಿದು ಸಡಿಲವಾದ ಭಾಗ ಶುರುವಾಗುವ ಕಡೆ ಬಲವೆಲ್ಲ ಒಟ್ಟುಗೂಡುತ್ತದೆ. ಎದೆಯ 11ನೆಯ ಕಶೇರುವಿನಿಂದ ಸೊಂಟದ 2ನೆಯದರವರೆಗೆ, ವೈದ್ಯರು ಟಿ11ರಿಂದ ಎಲ್2 ಎಂದು ಗುರುತಿಸುವ ಜಾಗ ಅದು. ಅಂಡೂರಿ ಬಿದ್ದವರ ಬೆನ್ನು ಹೆಚ್ಚಾಗಿ ಅಲ್ಲೇ ಮುರಿಯುತ್ತದೆ.

ಮುರಿತದಲ್ಲಿ ಬಗೆಗಳಿವೆ. ಕಶೇರುವಿನ ಮುಂಭಾಗ ಮಾತ್ರ ಕುಸಿದು ಎತ್ತರ ಕಳೆದುಕೊಳ್ಳುವುದು ಒಂದು ಬಗೆ. ಮೂಳೆ ಸವೆದ ವಯಸ್ಸಾದವರಲ್ಲಿ ಕಾಣುವುದು ಹೆಚ್ಚಾಗಿ ಇದೇ. ಕಶೇರು ನಾಲ್ಕೂ ಕಡೆಗೆ ಸಿಡಿದು ಅದರ ಚೂರು ನರಗಳ ಕಾಲುವೆಯತ್ತ ಸರಿಯುವುದು ಎರಡನೆಯದು. ಎತ್ತರದಿಂದ ಬಿದ್ದವರಲ್ಲಿ ಇದು ಸಾಮಾನ್ಯ. ದೇಹ ಥಟ್ಟನೆ ಮುಂದಕ್ಕೆ ಮಡಿಚಿಕೊಂಡಾಗ ಕಶೇರು ಅಡ್ಡಕ್ಕೆ ಸೀಳುವ ಬಗೆಯನ್ನು 1948ರಲ್ಲಿ ಜಿ.ಕ್ಯೂ. ಚಾನ್ಸ್ ವಿವರಿಸಿದರು. ಕಶೇರು ಮುರಿದು ಜಾಗ ತಪ್ಪಿದರೆ ಅದು ಎಲ್ಲಕ್ಕಿಂತ ಅಪಾಯದ್ದು. 1983ರಲ್ಲಿ ಫ್ರಾನ್ಸಿಸ್ ಡೆನಿಸ್ ಬೆನ್ನುಮೂಳೆಯನ್ನು ಮುಂದಿನ, ನಡುವಿನ, ಹಿಂದಿನ ಎಂದು ಮೂರು ಕಂಬಗಳಾಗಿ ನೋಡುವ ಕ್ರಮ ತಂದರು. ಇಂದು ಎಂಆರ್‌ಐ ನೋಡಿ ಹಿಂದಿನ ಕಟ್ಟುಗಳು, ಅಂದರೆ ಮೂಳೆಗಳನ್ನು ಬಿಗಿದ ಅಸ್ಥಿರಜ್ಜುಗಳು, ಹರಿದಿವೆಯೇ ಎಂದೂ ಪರೀಕ್ಷಿಸುತ್ತಾರೆ. ಬೆನ್ನು ಗಟ್ಟಿಯಾಗಿ ನಿಲ್ಲುತ್ತದೆಯೇ ಎಂಬ ತೀರ್ಮಾನದಲ್ಲಿ ಆ ಕಟ್ಟುಗಳ ಸ್ಥಿತಿಗೆ ಬಹಳ ತೂಕವಿದೆ.

ಇನ್ನೊಂದು ಸಂಗತಿ ಧೈರ್ಯ ಕೊಡುವಂಥದ್ದು. ಬೆನ್ನುಹುರಿ ಬೆನ್ನಿನ ತುದಿಯವರೆಗೂ ಇಳಿಯುವುದಿಲ್ಲ. ವಯಸ್ಕರಲ್ಲಿ ಅದು ಎಲ್1, ಎಲ್2ರ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ಇಳಿಬಿದ್ದಿರುವುದು ನರಗಳ ಗೊಂಚಲು. ಹುರಿಗೆ ಆದ ಪೆಟ್ಟು ಗುಣವಾಗುವುದು ಬಹಳ ಕಷ್ಟ. ಈ ನರಗಳು ಹಾಗಲ್ಲ. ಪೂರ್ತಿ ಹರಿದಿಲ್ಲದಿದ್ದರೆ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹಾಗಾಗಿ ಎಲ್4 ಮುರಿತದಲ್ಲಿ ಕಾಲು ಸೋತವರಿಗೂ ತಿಂಗಳುಗಳ ಮೇಲೆ ಬಲ ಮರಳಬಹುದು.

ಮೊದಲ ಗಂಟೆಗಳು

ಬಿದ್ದವರನ್ನು ಇಬ್ಬರು ಕೈ ಹಿಡಿದು, ಇಬ್ಬರು ಕಾಲು ಹಿಡಿದು ಎತ್ತುವುದು ನಮ್ಮ ಬೀದಿಗಳಲ್ಲಿ ಎಲ್ಲೆಡೆ ಕಾಣುವ ದೃಶ್ಯ. ಸಹಾಯಕ್ಕೆ ಓಡಿಬಂದವರ ಒಳ್ಳೆಯ ಮನಸ್ಸಿನ ಬಗ್ಗೆ ಅನುಮಾನವಿಲ್ಲ. ಹಾಗೆ ಎತ್ತಿದಾಗ ಬೆನ್ನು ನಡುವೆ ಮಡಿಚಿಕೊಂಡು, ಸರಿಯಬಾರದ ಚೂರು ಸರಿಯಬಹುದು. ಬಿದ್ದವರು ಬೆನ್ನುನೋವು ಎಂದರೆ, ಕಾಲು ಜೋಮು ಎಂದರೆ ಅಲ್ಲೇ ನೇರವಾಗಿ ಮಲಗಿಸಿಡಿ. ಮಹಾರಾಷ್ಟ್ರದಲ್ಲೂ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅದು ಬರುವವರೆಗೆ ಕಾಯಲಾಗದ ಅಪಾಯದ ಜಾಗವಾದರೆ ಗಟ್ಟಿ ಹಲಗೆ ಅಥವಾ ಸ್ಟ್ರೆಚರ್ ಮೇಲೆ ತಲೆ, ಭುಜ, ಸೊಂಟ, ಕಾಲು ಒಂದೇ ಸಾಲಿನಲ್ಲಿ ಇರುವಂತೆ ನಾಲ್ಕಾರು ಜನ ಸೇರಿ ಸಾಗಿಸಿ. ಆಟೋ ಸೀಟಿನಲ್ಲಿ ಕೂರಿಸಿ ಕರೆದೊಯ್ಯುವುದು ಬೇಡವೇ ಬೇಡ.

ಕೆಲವು ಲಕ್ಷಣಗಳು ಕಂಡರೆ ಒಂದು ಗಂಟೆಯನ್ನೂ ವ್ಯರ್ಥ ಮಾಡಬಾರದು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ತೊಡೆಯ ಒಳಭಾಗ ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿರುವುದು, ಎರಡೂ ಕಾಲು ಸೋಲುತ್ತ ಬರುವುದು ನರಗಳ ಗೊಂಚಲು ಒತ್ತಿಕೊಂಡಿರುವುದರ ಸೂಚನೆ. ಇವು ಬಿದ್ದ ದಿನವೇ ಬರಬೇಕೆಂದಿಲ್ಲ. ಮನೆಗೆ ಬಂದು ವಾರವಾದ ಮೇಲೆ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನೋವು ಎಂಬ ಅನುಭವ

ಮೂಳೆ ಮುರಿದ ಕ್ಷಣದಲ್ಲಿ ಎರಡು ಬಗೆಯ ನರತಂತುಗಳು ಸುದ್ದಿ ಹೊತ್ತು ಹೊರಡುತ್ತವೆ. ಎ-ಡೆಲ್ಟಾ ತಂತುಗಳು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಚುಚ್ಚುವಂಥ ಮೊದಲ ನೋವನ್ನು ತಲುಪಿಸುತ್ತವೆ. ಸಿ ತಂತುಗಳದು ಸೆಕೆಂಡಿಗೆ 2 ಮೀಟರಿಗೂ ಕಡಿಮೆ ವೇಗ. ಹಿಂದಿನಿಂದ ಬಂದು ಗಂಟೆಗಟ್ಟಲೆ ಉಳಿಯುವ ಭಾರವಾದ ನೋವು ಅವುಗಳದು. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಉರಿಯೂತ ಶುರುವಾಗುತ್ತದೆ. ಸುತ್ತಲಿನ ಸ್ನಾಯುಗಳು ಬೆನ್ನನ್ನು ಅಲುಗಿಸಬಾರದೆಂದು ಸೆಟೆದುಕೊಳ್ಳುತ್ತವೆ. ಮೊದಲ ವಾರಗಳ ನೋವಿನಲ್ಲಿ ಆ ಸೆಟೆತದ ಪಾಲು ಸಣ್ಣದಲ್ಲ.

ಸುದ್ದಿ ಹೊರಟಷ್ಟೇ ಮಿದುಳಿಗೆ ಮುಟ್ಟುವುದಿಲ್ಲ. ಬೆನ್ನುಹುರಿಯಲ್ಲೇ ಅದು ಹೆಚ್ಚುಕಡಿಮೆಯಾಗುತ್ತದೆ ಎಂದು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಪ್ರತಿಪಾದಿಸಿದರು. ಮಿದುಳಿನಿಂದ ಇಳಿದುಬರುವ ಸಂಕೇತಗಳು ಅದನ್ನು ತಗ್ಗಿಸಬಲ್ಲವು, ಏರಿಸಲೂ ಬಲ್ಲವು. ಎರಡನೇ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ಮಾತನಾಡಿಸಿದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ನೋವಿನ ಔಷಧಿ ಬೇಡವೆಂದದ್ದನ್ನು 1946ರಲ್ಲಿ ಬರೆದರು. ರಣರಂಗದಿಂದ ಜೀವಸಹಿತ ಪಾರಾದೆ ಎಂಬ ಸಮಾಧಾನ ಗಾಯದ ಅರ್ಥವನ್ನೇ ಬದಲಿಸಿತ್ತು ಎಂಬುದು ಅವರ ವಿವರಣೆ. ಸಾರುವೆಯಿಂದ ಬಿದ್ದ ದಿನಗೂಲಿಯವನಿಗೆ ಅದೇ ಮುರಿತ ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸಬೇಕಾದ ಹಣ ಎಲ್ಲವನ್ನೂ ಒಟ್ಟಿಗೆ ನೆನಪಿಸುತ್ತದೆ. ಅವನ ನೋವು ಹೆಚ್ಚಿದ್ದರೆ ಅದು ನಾಟಕವಲ್ಲ, ಮನೋದೌರ್ಬಲ್ಯವೂ ಅಲ್ಲ. ನೋವು ಇಂದ್ರಿಯಕ್ಕೂ ಭಾವನೆಗೂ ಸೇರಿದ ಅನುಭವ ಎಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರಲ್ಲೇ ಹೇಳಿತು. 2020ರಲ್ಲಿ ವ್ಯಾಖ್ಯೆಯನ್ನು ತಿದ್ದಿದಾಗಲೂ ಆ ಮಾತನ್ನು ಉಳಿಸಿಕೊಂಡಿತು.

ಮಾತ್ರೆಯನ್ನು ಯಾತಕ್ಕೆ ನುಂಗುತ್ತೇವೆ

‘ನೋವು ತಡೆದುಕೊಂಡರೆ ಬೇಗ ಗುಣವಾಗುತ್ತದೆ’ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಗಟ್ಟಿಯಾಗಿದೆ. ಮುರಿದ ಬೆನ್ನಿನ ವಿಷಯದಲ್ಲಿ ಅದು ಹಾನಿಕರ. ನೋವಿದ್ದರೆ ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಎದೆಯಲ್ಲಿ ಕಫ ಕಟ್ಟುತ್ತದೆ. ಕಾಲಾಡಿಸುವುದಿಲ್ಲ, ರಕ್ತನಾಳದಲ್ಲಿ ಹೆಪ್ಪು ಕಟ್ಟಬಹುದು. ಆದ್ದರಿಂದ ಮೊದಲ ವಾರಗಳಲ್ಲಿ ಔಷಧಿಯನ್ನು ನೋವು ಏರಿದ ಮೇಲೆ ಹುಡುಕುವುದಕ್ಕಿಂತ ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು ಮೇಲು. ನಡೆಯುವ, ಸ್ನಾನ ಮಾಡುವ ಸಮಯಕ್ಕೆ ಮುಕ್ಕಾಲು ಗಂಟೆ ಮೊದಲು ಒಂದು ಸರದಿ ಬರುವಂತೆ ಕೇಳಿ ಹೊಂದಿಸಿಕೊಳ್ಳಬಹುದು.

ತಳಪಾಯ ಪ್ಯಾರಾಸಿಟಮಾಲ್. ಆರೋಗ್ಯವಂತ ವಯಸ್ಕರಿಗೂ ಅದು ದಿನಕ್ಕೆ 4 ಗ್ರಾಂ ಮೀರಬಾರದು. ತೂಕ ಕಡಿಮೆಯಿದ್ದವರಿಗೆ, ಯಕೃತ್ತಿನ ತೊಂದರೆಯವರಿಗೆ ಮಿತಿ ಇನ್ನೂ ಕೆಳಗೆ. ಶೀತದ ಮಾತ್ರೆಗಳಲ್ಲೂ ಇದು ಇರುತ್ತದೆ ಎಂಬುದನ್ನು ಮರೆತು ಎರಡೆರಡು ಕಡೆಯಿಂದ ನುಂಗುವವರಿದ್ದಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ಉರಿಯೂತವನ್ನು ಚೆನ್ನಾಗಿ ತಗ್ಗಿಸುತ್ತವೆ. ಆದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡ, ಹೃದಯದ ಕಾಯಿಲೆ ಇದ್ದವರಿಗೆ ಅವು ಅಪಾಯಕಾರಿ. ಓಣಿಯ ಮೆಡಿಕಲ್ ಅಂಗಡಿಯಿಂದ ತಿಂಗಳುಗಟ್ಟಲೆ ತಂದು ನುಂಗುವಂಥವಲ್ಲ. ಟ್ರಮಡಾಲ್ ಇನ್ನೂ ಬಲವಾದದ್ದು. 2018ರಿಂದ ಅದು ಮಾದಕ ದ್ರವ್ಯ ನಿಯಂತ್ರಣ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಕೆಲವು ದಿನಗಳ ಮಟ್ಟಿಗೆ ಅದು ಉಪಕಾರಿ. ವಾಕರಿಕೆ, ತಲೆಸುತ್ತು, ಮಲಬದ್ಧತೆ ಅದರ ಬೆನ್ನಿಗೇ ಬರುತ್ತವೆ. ಕಾಲಿಗೆ ಹರಿಯುವ ಉರಿ, ಜುಮ್ಮೆನ್ನುವ ನೋವು ನರದ್ದು. ಅದಕ್ಕೆ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್‌ನಂಥ ಬೇರೆ ಔಷಧಿ ಬೇಕಾಗುತ್ತದೆ.

ಮಲಬದ್ಧತೆಯ ಮಾತನ್ನು ಸಂಕೋಚದಿಂದ ಬಚ್ಚಿಡಬಾರದು. ಸೊಂಟದ ಕಶೇರು ಮುರಿದಾಗ ಅದರ ಮುಂದೆ ರಕ್ತ ಸೋರಿ ಕರುಳಿನ ಚಲನೆಯೇ ಕೆಲ ದಿನ ನಿಧಾನವಾಗುತ್ತದೆ. ಹೊಟ್ಟೆ ಉಬ್ಬುತ್ತದೆ. ಮೇಲೆ ಟ್ರಮಡಾಲ್ ಸೇರಿದರೆ ಮುಕ್ಕಿರಿದಾಗಲೆಲ್ಲ ಬೆನ್ನು ಸಿಡಿಯುತ್ತದೆ. ನೀರು, ನಾರಿರುವ ಊಟ, ವೈದ್ಯರು ಕೊಟ್ಟ ಮಲ ಸಡಿಲಿಸುವ ಔಷಧಿ, ಇವೂ ನೋವಿನ ಚಿಕಿತ್ಸೆಯ ಭಾಗವೇ.

ಮಲಗಬೇಕೋ, ಏಳಬೇಕೋ

ಒಂದು ಕಾಲದಲ್ಲಿ ಬೆನ್ನು ಮುರಿದವರನ್ನು ಆರು, ಎಂಟು, ಹನ್ನೆರಡು ವಾರ ಹಾಸಿಗೆಯಲ್ಲೇ ಇಡುತ್ತಿದ್ದರು. ಈಗ ಆ ಕ್ರಮ ಬದಲಾಗಿದೆ. ಅಲುಗಾಡದೆ ಮಲಗಿದವರ ಸ್ನಾಯುಬಲ ದಿನಕ್ಕೆ ಸುಮಾರು ಶೇ. 1ರಷ್ಟು ಕುಗ್ಗುತ್ತದೆ, ಮೂಳೆಯ ಸುಣ್ಣವೂ ಕರಗುತ್ತದೆ. ಮುರಿತ ಸ್ಥಿರವಾಗಿದೆ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಕೆಲವೇ ದಿನಗಳಲ್ಲಿ ಎಬ್ಬಿಸುತ್ತಾರೆ. ಏಳುವುದಕ್ಕೂ ಕ್ರಮವಿದೆ: ಮಂಡಿ ಮಡಚಿ, ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ಒಂದು ಮಗ್ಗುಲಿಗೆ ತಿರುಗಬೇಕು. ಕಾಲನ್ನು ಮಂಚದಿಂದ ಕೆಳಗಿಳಿಸುತ್ತ ಮೊಣಕೈ ಊರಿ ಎದ್ದು ಕೂರಬೇಕು. ಮಲಗಿದಲ್ಲಿಂದ ನೇರ ಎದ್ದರೆ, ನಡು ತಿರುಚಿದರೆ, ಮುರಿದ ಜಾಗಕ್ಕೇ ಹೊಡೆತ.

ನಡು ಬಾಗಿಸುವುದು ಏಕೆ ಬೇಡ? ಸ್ವೀಡನ್ನಿನ ಆಲ್ಫ್ ನಾಚೆಮ್ಸನ್ ಸೊಂಟದ ಕಶೇರುಗಳ ನಡುವಿನ ಡಿಸ್ಕಿಗೆ ಸೂಜಿ ಹಾಕಿ ಒತ್ತಡವನ್ನೇ ಅಳೆದರು. ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ ಅಂಗಾತ ಮಲಗಿದಾಗ 25, ಕೂತಾಗ 140, ಕೂತು ಮುಂದಕ್ಕೆ ಬಾಗಿದಾಗ 185. 1999ರಲ್ಲಿ ಜರ್ಮನಿಯಲ್ಲಿ ಮಾಡಿದ ಅಳತೆಯಲ್ಲಿ ಒರಗಿ ಕೂತಾಗಿನ ಒತ್ತಡ ಅಷ್ಟೊಂದು ಕಾಣಲಿಲ್ಲ. ಬಾಗುವುದು, ಬಾಗಿ ಭಾರ ಎತ್ತುವುದು ಬೆನ್ನಿಗೆ ಅತಿ ಹೊರೆ ಎಂಬುದರಲ್ಲಿ ಎರಡೂ ಅಳತೆಗಳು ಒಂದಾಗುತ್ತವೆ.

ಬೆಲ್ಟಿನ ಬಗ್ಗೆ ಎಲ್ಲರಿಗೂ ಕುತೂಹಲ. ಟೇಲರ್ಸ್ ಬ್ರೇಸ್, ಆ್ಯಶ್ ಬ್ರೇಸ್ ಎಂದು ಅಂಗಡಿಯಲ್ಲಿ ಸಿಗುವ ಚೌಕಟ್ಟುಗಳು ಬಾಗುವುದನ್ನು ನೆನಪಿಸಿ ತಡೆಯುತ್ತವೆ, ಧೈರ್ಯ ಕೊಡುತ್ತವೆ. ಸ್ಥಿರವಾದ ಸಿಡಿತದ ಮುರಿತದಲ್ಲಿ ಬ್ರೇಸ್ ತೊಟ್ಟವರೂ ತೊಡದವರೂ ಸರಿಸಮನಾಗಿ ಚೇತರಿಸಿಕೊಂಡರು ಎಂದು 2014ರಲ್ಲಿ ಕೆನಡಾದ ಅಧ್ಯಯನವೊಂದು ತೋರಿಸಿತು. ಹಾಗಾಗಿ ಕೆಲವು ವೈದ್ಯರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಕೊಟ್ಟರೆ ಹೇಳಿದ ಅವಧಿ ಮುಗಿದ ಮೇಲೆ ಕಳಚಿಡುವುದೂ ಅಷ್ಟೇ ಮುಖ್ಯ.

ಶಸ್ತ್ರಚಿಕಿತ್ಸೆಯ ಮಾತೂ ಹಾಗೆಯೇ. ನರಗಳು ಒತ್ತಿಕೊಂಡಿದ್ದರೆ, ಬೆನ್ನು ಅಸ್ಥಿರವಾಗಿದ್ದರೆ ಸ್ಕ್ರೂ, ರಾಡು ಹಾಕುವುದು ಅನಿವಾರ್ಯ. ತಡಮಾಡಬಾರದು. ನರಕ್ಕೆ ಪೆಟ್ಟಿಲ್ಲದ ಸ್ಥಿರವಾದ ಸಿಡಿತಕ್ಕೆ ಶಸ್ತ್ರಚಿಕಿತ್ಸೆಯಿಂದ ದೀರ್ಘಾವಧಿಯ ಲಾಭ ಕಾಣಲಿಲ್ಲ ಎಂದು ಅಮೆರಿಕದ ಕರ್ಕಮ್ ವುಡ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು. ‘ನನಗೇಕೆ ಆಪರೇಷನ್ ಮಾಡಲಿಲ್ಲ’ ಎಂದು ಕೊರಗುವವರಿಗೆ ಇದು ತಿಳಿದಿರಬೇಕು. ಆಪರೇಷನ್ ಮಾಡದಿರುವುದು ಬಹಳ ಸಲ ವಿಚಾರ ಮಾಡಿ ಆರಿಸಿದ ಚಿಕಿತ್ಸೆ.

ಚಾಳಿನ ಮೆಟ್ಟಿಲು, ಲೋಕಲ್‌ನ ಬಾಗಿಲು

ಪುಸ್ತಕದ ಚಿಕಿತ್ಸೆ ಮನೆಬಾಗಿಲಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಮುಂಬಯಿಯ ಗಿರಣಿ ಪ್ರದೇಶವಾದ ಗಿರಣಗಾಂವ್‌ನ ಹಳೆಯ ಚಾಳಿನಲ್ಲಿ ಮೂರನೇ ಮಾಳಿಗೆಗೆ ಕಡಿದಾದ ಮರದ ಮೆಟ್ಟಿಲು. ಪಾಯಿಖಾನೆ ಮೊಗಸಾಲೆಯ ಕೊನೆಯಲ್ಲಿ, ಕುಕ್ಕರಗಾಲಿನದು. ನೆಲದ ಮೇಲೆ ಹಾಸಿಗೆ, ನೆಲದ ಮೇಲೆ ಊಟ. ಇವೆಲ್ಲವೂ ನಡುವನ್ನು ಬಾಗಿಸುತ್ತವೆ. ಮೊದಲ ಮೂರು ತಿಂಗಳ ಮಟ್ಟಿಗಾದರೂ ಒಂದು ಮಂಚ, ಕೈಯಾಸರೆಯಿರುವ ಗಟ್ಟಿ ಕುರ್ಚಿ, ತೂತಿರುವ ಕಮೋಡ್ ಕುರ್ಚಿ ಬೇಕು. ಇವಕ್ಕೆ ಆಗುವ ಖರ್ಚು ಔಷಧಿಯ ಖರ್ಚಿನಷ್ಟೇ ಅಗತ್ಯದ್ದು. ಎರಡು ಹೊತ್ತು ಮೊಗಸಾಲೆಯಲ್ಲಿ ನಡೆಯುವುದೇ ಮೊದಲ ವ್ಯಾಯಾಮ. ಮೆಟ್ಟಿಲನ್ನು ಫಿಸಿಯೋಥೆರಪಿಸ್ಟ್ ಜೊತೆಗಿದ್ದು ಕಲಿಸಿದ ಮೇಲೆ, ಒಂದು ಕೈ ಕಟಕಟೆಯ ಮೇಲಿಟ್ಟು ಹತ್ತಬೇಕು.

ಮಾಲೀಶಿನವರ ಬಗ್ಗೆ ಒಂದು ಮಾತು. ಎಣ್ಣೆ ಹಚ್ಚಿ ಬೆನ್ನು ತುಳಿಸುವುದು, ನಡು ತಿರುವಿ ‘ಲಟಕ್’ ಎನ್ನಿಸುವುದು ಆರೋಗ್ಯವಂತ ಬೆನ್ನಿಗೆ ಹಿತವೆನಿಸಬಹುದು. ಕೂಡುತ್ತಿರುವ ಮುರಿತಕ್ಕೆ ಅದು ಅಪಾಯ. ಬಿಸಿಶಾಖ ಸಾಕು, ಸ್ಪರ್ಶ ತಿಳಿಯದ ಜಾಗಕ್ಕೆ ಅದೂ ಬೇಡ, ಸುಟ್ಟರೆ ಗೊತ್ತಾಗುವುದಿಲ್ಲ.

ಕೆಲಸಕ್ಕೆ ಮರಳುವ ಹೊತ್ತು ಬಂದಾಗ ಈ ನಗರದಲ್ಲಿ ಪ್ರಯಾಣವೇ ದೊಡ್ಡ ಪರೀಕ್ಷೆ. ವಿರಾರ್‌ನಿಂದ, ಕಲ್ಯಾಣದಿಂದ ಬೆಳಗಿನ ಲೋಕಲ್‌ನಲ್ಲಿ ಒಂದೂವರೆ ಗಂಟೆ ನಿಂತು ಬರುವುದು, ಹೊಂಡದ ರಸ್ತೆಯಲ್ಲಿ ಆಟೋ ಕುಲುಕುವುದು ಬಲ ಬರದ ಬೆನ್ನಿಗೆ ಭಾರಿ. ಸಾಧ್ಯವಿದ್ದರೆ ಜನಸಂದಣಿಯ ಹೊತ್ತು ತಪ್ಪಿಸಿ ಅರ್ಧ ದಿನದ ಕೆಲಸದಿಂದ ಶುರು ಮಾಡಬೇಕು. ಲೋಕಲ್‌ಗಳಲ್ಲಿ ಅಂಗವಿಕಲರಿಗೆ ಪ್ರತ್ಯೇಕ ಡಬ್ಬಿಯಿದೆ. ಅದಕ್ಕೆ ಅರ್ಹರಾದವರು ನಾಚಿಕೆ ಬಿಟ್ಟು ಬಳಸಬೇಕು.

ಮೂಳೆಯೇ ಟೊಳ್ಳಾದಾಗ

ಸಣ್ಣ ಕಾರಣಕ್ಕೆ ಕಶೇರು ಕುಸಿದರೆ ಮುರಿತಕ್ಕೆ ಚಿಕಿತ್ಸೆ ಮಾಡಿದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದು ಆಸ್ಟಿಯೋಪೊರೋಸಿಸ್. ಒಂದು ಕಶೇರು ಕುಸಿದವರಿಗೆ ಮುಂದಿನದು ಕುಸಿಯುವ ಅಪಾಯ ಹೆಚ್ಚು. ಮೂಳೆ ಕರಗುವುದನ್ನು ತಡೆಯುವ ಬಿಸ್‌ಫಾಸ್ಫೊನೇಟ್, ಹೊಸ ಮೂಳೆ ಕಟ್ಟಿಸುವ ಟೆರಿಪಾರಟೈಡ್‌ನಂಥ ಔಷಧಿಗಳಿವೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರು ತೀರ್ಮಾನಿಸಬೇಕು. ಕುಸಿದ ಕಶೇರುವಿಗೆ ಸಿಮೆಂಟ್ ತುಂಬುವ ವಿಧಾನ 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಶುರುವಾಗಿ ಜಗತ್ತೆಲ್ಲ ಹರಡಿತು. ಸಿಮೆಂಟ್ ತುಂಬಿದವರಿಗೂ ತುಂಬಿದಂತೆ ನಟಿಸಿ ಸೂಜಿ ಚುಚ್ಚಿದವರಿಗೂ ನೋವು ಒಂದೇ ಪ್ರಮಾಣದಲ್ಲಿ ಇಳಿಯಿತು ಎಂದು 2009ರಲ್ಲಿ ಎರಡು ಅಧ್ಯಯನಗಳು ತೋರಿಸಿದವು. ಅಂದಿನಿಂದ ವೈದ್ಯರು ಅದನ್ನು ಆಯ್ದ ಕೆಲವರಿಗೆ ಮಾತ್ರ ಸೂಚಿಸುವತ್ತ ವಾಲಿದ್ದಾರೆ.

ಔಷಧಿಯ ಜೊತೆಗೆ ಊಟವೂ ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೇಳಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಮೇತ ಅಗಿಯುವ ಸಣ್ಣ ಮೀನು, ಎಲ್ಲವೂ ಕನ್ನಡಿಗರ ಅಡುಗೆಮನೆಯಲ್ಲಿ ಇರುವಂಥವೇ. ಬೇಳೆ, ಮೊಟ್ಟೆಯಂಥ ಪ್ರೋಟೀನ್ ಜೊತೆಗಿರಲಿ. ಕಟ್ಟಡಗಳ ನೆರಳಲ್ಲೇ ಬದುಕುವವರು ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಲಿ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತವೆ. ಬಿಡಲು ಇದಕ್ಕಿಂತ ತಕ್ಕ ಕಾಲವಿಲ್ಲ.

ಮೂಳೆ ಕೂಡಿದ ಮೇಲೂ ಉಳಿಯುವ ನೋವು

ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಮೂಳೆ ಕೂಡಿರುತ್ತದೆ. ಕೆಲವರ ನೋವು ಮಾತ್ರ ಉಳಿಯುತ್ತದೆ. ಬೆನ್ನಿನ ಬಾಗು ಬದಲಾದದ್ದು, ಸ್ನಾಯು ಸೊರಗಿದ್ದು ಒಂದು ಕಾರಣ. ಇನ್ನೊಂದನ್ನು 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಪ್ರಯೋಗದಲ್ಲಿ ತೋರಿಸಿದರು: ನೋವಿನ ಸಂಕೇತ ಸತತವಾಗಿ ಬಂದರೆ ಬೆನ್ನುಹುರಿಯ ನರಕೋಶಗಳು ಅತಿ ಚುರುಕಾಗುತ್ತವೆ. ಮುಂದೆ ಹಗುರ ಸ್ಪರ್ಶ, ಸಹಜ ಚಲನೆಯೂ ನೋವಾಗಿ ತಲುಪುತ್ತದೆ. ‘ನೋಯುತ್ತಿದೆ ಎಂದರೆ ಮತ್ತೆ ಮುರಿಯುತ್ತಿದೆ’ ಎಂದು ಹೆದರಿ ಅಲುಗಾಡದೆ ಕೂತರೆ ಸ್ನಾಯು ಮತ್ತಷ್ಟು ಸೊರಗುತ್ತದೆ, ನೋವು ಮತ್ತಷ್ಟು ಏರುತ್ತದೆ. ಈ ವರ್ತುಲವನ್ನು ಮುರಿಯುವುದು ಅಳತೆಯ ಚಲನೆ. ಹತ್ತು ನಿಮಿಷದ ನಡಿಗೆ ಸಲೀಸಾದರೆ ಮುಂದಿನ ವಾರ ಹನ್ನೆರಡು ನಿಮಿಷ. ಚೆನ್ನಾಗಿದ್ದ ದಿನ ಮಿತಿಮೀರಬಾರದು, ಕೆಟ್ಟ ದಿನ ಪೂರ್ತಿ ನಿಲ್ಲಿಸಬಾರದು. ನಿದ್ದೆ ಕೆಟ್ಟಿದ್ದರೆ, ಮನಸ್ಸು ಕುಸಿದಿದ್ದರೆ ಅದಕ್ಕೂ ಚಿಕಿತ್ಸೆ ಕೇಳಬೇಕು. ಜ್ವರ, ತೂಕ ಇಳಿಯುವುದು, ರಾತ್ರಿ ಹೆಚ್ಚುವ ನೋವು ಇದ್ದರೆ ಮಾತ್ರ ಕ್ಷಯ, ಗಡ್ಡೆಯಂಥ ಬೇರೆ ಕಾರಣವಿದೆಯೇ ಎಂದು ಪರೀಕ್ಷಿಸಲೇಬೇಕು.

ಪೆಟ್ಟುಬಿದ್ದವರನ್ನು ಮತ್ತೆ ದಿನದ ಬದುಕಿಗೆ ಮರಳಿಸುವ ವಿದ್ಯೆ ಮುಂಬಯಿಗೆ ಹೊಸದಲ್ಲ. 1950ರಲ್ಲಿ ಕಮಲಾ ನಿಂಬಕರ್ ಕೆಇಎಂ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಯ ಶಾಲೆ ತೆರೆದರು. ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆ ವಿದ್ಯೆ ಭಾರತಕ್ಕೆ ಕಾಲಿಟ್ಟದ್ದು ಅಲ್ಲಿಂದ. 1955ರಲ್ಲಿ ಹಾಜಿ ಅಲಿಯ ಬಳಿ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ ಶುರುವಾಯಿತು. 1995ರಲ್ಲಿ ಪ್ಯಾರಾಗ್ಲೈಡಿಂಗ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಡಾ. ಕೇತನಾ ಮೆಹ್ತಾ, ತಮ್ಮಂಥವರ ಪುನರ್ವಸತಿಗಾಗಿ 2001ರಲ್ಲಿ ನೀನಾ ಫೌಂಡೇಶನ್ ಕಟ್ಟಿದರು. ವಿದ್ಯೆಯಿದೆ, ಕಲಿಸುವವರಿದ್ದಾರೆ. ಕಡಿದುಹೋಗಿರುವುದು ವಾರ್ಡಿನಿಂದ ಮನೆಯವರೆಗಿನ ಕೊಂಡಿ. ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯಿರುತ್ತದೆ. ಹೇಗೆ ಏಳಬೇಕು, ದಿನಕ್ಕೆಷ್ಟು ನಡೆಯಬೇಕು, ಪಾಯಿಖಾನೆಗೆ ಏನು ವ್ಯವಸ್ಥೆ, ಯಾವಾಗ ಓಡಿಬರಬೇಕು ಎಂಬುದು ಎಷ್ಟೋ ಸಲ ಇರುವುದಿಲ್ಲ. ರೋಗಿಯ ಮನೆಯವರು ಈ ನಾಲ್ಕನ್ನೂ ಕೇಳಿ, ತಮಗೆ ಓದಲು ಬರುವ ಭಾಷೆಯಲ್ಲಿ ಬರೆಸಿಕೊಳ್ಳಬೇಕು. ಆಸ್ಪತ್ರೆಗಳು ಕೇಳದೆಯೇ ಬರೆದುಕೊಡಬೇಕು. ಬೆನ್ನು ಮುರಿದವರಿಗೆ ಅದು ಉಪಕಾರವಲ್ಲ, ಚಿಕಿತ್ಸೆಯ ಉಳಿದರ್ಧ.